ಹಿಂಸೆ ಅನುಭವಿಸಿದ ಇಬ್ಬರ ಪ್ರೇಮಕಥೆಯನ್ನು ಡಾರ್ಕ್ ಸಸ್ಪೆನ್ಸ್ ಕಾದಂಬರಿಯಾಗಿ ಬರೆಯುವುದು ಹೇಗೆ?

ನೀವು ಕೊಟ್ಟ ಎಳೆ ಇಷ್ಟು: ಗಂಡನ ಹೊಡೆತ ತಾಳಲಾರದೆ ಕಂಪ್ಲಿ ಬಿಟ್ಟು ಬಂದು ಗಂಗಾವತಿಯ ರೈಸ್ ಮಿಲ್ಲಿನಲ್ಲಿ ಲೆಕ್ಕ ಬರೆಯುವ ಹೆಣ್ಣುಮಗಳು, ಸಂಡೂರಿನ ಗಣಿಯಲ್ಲಿ ಒಡಹುಟ್ಟಿದವನ ಸಾವನ್ನು ಕಣ್ಣಾರೆ ಕಂಡ ಲಾರಿ ಡ್ರೈವರ್, ಅವಳ ಬೆನ್ನು ಹತ್ತಿದ ಯಾರೋ ಒಬ್ಬ. ಪ್ರೀತಿ ನಾಟಕ ಅನಿಸಬಾರದು, ಸಸ್ಪೆನ್ಸೂ ಸಡಿಲವಾಗಬಾರದು, ಹೇಗೆ ಅಂತ ಕೇಳಿದ್ದೀರಿ.

ಎರಡನ್ನೂ ಬೇರೆ ಬೇರೆ ಕೆಲಸ ಅಂದುಕೊಂಡರೆ ಎರಡೂ ಕೆಡುತ್ತವೆ. ಪೆಟ್ಟು ತಿಂದ ಮೈ ಅಪಾಯವಿಲ್ಲದ ಕಡೆಯೂ ಬೆಚ್ಚುತ್ತದೆ, ನಿಜವಾದ ಅಪಾಯದ ಎದುರು ಒಮ್ಮೊಮ್ಮೆ ಮರಗಟ್ಟಿ ನಿಂತುಬಿಡುತ್ತದೆ. ಈ ಭಯ ಹಳೆಯದೋ ಈಗಿನದೋ ಅನ್ನುವುದು ಅವಳಿಗೂ ತಿಳಿಯದು, ಓದುಗರಿಗೂ ತಿಳಿಯದು. ಸಸ್ಪೆನ್ಸ್ ಹುಟ್ಟುವುದು ಅಲ್ಲಿ. ಪ್ರೀತಿ ಹುಟ್ಟುವುದೂ ಅಲ್ಲೇ: ಅವಳ ಭಯವನ್ನು ಭ್ರಮೆ ಅಂತ ತಳ್ಳಿಹಾಕದೆ, ಟಾರ್ಚ್ ಹಿಡಿದು ಗೋದಾಮಿನ ಹಿಂದೆ ಹೋಗಿ ನೋಡಿಬರುವವನು ಯಾರು?

70,000 ಪದಗಳ ಕಾದಂಬರಿ ಅಂದುಕೊಂಡರೆ ದೊಡ್ಡ ಭಯದ ಪ್ರಸಂಗ ಮೂರು ಸಾಕು. ಮೊದಲನೆಯದು 15,000 ಪದಗಳ ಆಸುಪಾಸಿನಲ್ಲಿ, ಪೂರ್ತಿ ಹುಸಿ. ಎರಡನೆಯದು ನಡುವಿನಲ್ಲಿ, ಇತ್ಯರ್ಥವಾಗದ್ದು: ಒಳಗಿನಿಂದ ಹಾಕಿದ್ದ ಚಿಲಕ ತೆಗೆದಿದೆ, ಆದರೆ ವಾಚ್‌ಮನ್ನನೇ ತೆಗೆದಿರಬಹುದು. ಮೂರನೆಯದು 55,000ದ ಹೊತ್ತಿಗೆ, ನಿಜ. ಅಷ್ಟರಲ್ಲಿ ಮಿಲ್ಲಿನವರು, ಮನೆ ಬಾಡಿಗೆಗೆ ಕೊಟ್ಟ ಅಮ್ಮ, ಕೊನೆಗೆ ಅವಳೇ ಅವಳನ್ನು ನಂಬುವುದು ಬಿಟ್ಟಿರಬೇಕು. ನಿಯಮ ಒಂದೇ: ಅವಳು ಕಂಡದ್ದು, ಕೇಳಿದ್ದು ಓದುಗರಿಗೂ ಆ ಕ್ಷಣವೇ ಸಿಗಬೇಕು. ಅವಳು ಕಂಡ ಚಕ್ರದ ಗುರುತನ್ನು ಆಗ ಮುಚ್ಚಿಟ್ಟು ನೂರು ಪುಟ ಆದಮೇಲೆ ತೋರಿಸಿದರೆ ಅದು ಮೋಸ. ಹುಸಿ ಭಯಕ್ಕೂ ಹೊರಗಿನ ಕಾರಣ ಇರಲಿ, ಲಾರಿಯ ಏರ್ ಬ್ರೇಕ್ ಉಸ್ಸೆಂದದ್ದಾದರೂ ಸರಿ. ಏನೂ ಇಲ್ಲದೆ ಅವಳು ಬೆದರಿದರೆ ಓದುಗರು ಅವಳಿಗೆ ಹುಚ್ಚು ಅಂತ ತೀರ್ಮಾನಿಸುತ್ತಾರೆ, ಆಮೇಲೆ ಯಾವ ಭಯವೂ ನಾಟುವುದಿಲ್ಲ.

ಹಳೆಯ ನೆನಪನ್ನು ಸಿನಿಮಾದಂತೆ ಮೊದಲಿಂದ ಕೊನೆಯವರೆಗೆ ಓಡಿಸಬೇಡಿ. ಅದು ಬರುವುದು ಚೂರುಗಳಾಗಿ: ಒಂದು ವಾಸನೆ, ಒಂದು ಸದ್ದು. ಗಂಗಾವತಿಯಲ್ಲಿ ಇದಕ್ಕೆ ಬರವಿಲ್ಲ. ನೆನೆಸಿದ ಭತ್ತದ ಬಿಸಿ ಹಬೆ, ಬಾಯ್ಲರಿಗೆ ಹಾಕಿದ ಹೊಟ್ಟಿನ ಹೊಗೆ. ಆದರೆ 'ಅವನು ಬೆಲ್ಟಿನಿಂದ ಹೊಡೆದಿದ್ದ, ಹಾಗಾಗಿ ಬೆಲ್ಟ್ ಕಂಡರೆ ಭಯ' ಅನ್ನುವ ನೇರ ಲೆಕ್ಕ ಸಪ್ಪೆ. ಆ ಹೊತ್ತಿನಲ್ಲಿ ಪಕ್ಕದ ಮನೆಯಲ್ಲಿ ಕೂಗುತ್ತಿದ್ದ ಕುಕ್ಕರ್ ಹೆಚ್ಚು ನಿಜ. ಐದಾರು ಸಾಲು ಸಾಕು. ಹಸ್ತಪ್ರತಿಗಳಲ್ಲಿ ನನಗೆ ಹೆಚ್ಚು ಕೊರತೆ ಕಾಣುವುದು ಅದರ ನಂತರದ ಒಂದು ತಾಸು: ಕೈ ತಣ್ಣಗಾಗಿದೆ, ಬಾಯಿ ಒಣಗಿದೆ, ಮೂರು ಅಂಕಿ ಕೂಡಿಸಲು ಬರುತ್ತಿಲ್ಲ, ಆಮೇಲೆ ಹಸಿವು, ನಿದ್ದೆ, ನಾಚಿಕೆ, ಮಾರನೇ ದಿನ ಸಹಾಯಕ್ಕೆ ಬಂದವನ ಮೇಲೇ ಸಿಟ್ಟು. ಅಲ್ಲಿಗೆ ಎರಡು ಪುಟ ಕೊಡಿ.

ಡ್ರೈವರನ ನೋವು ಅವಳದರ ನಕಲು ಆಗಬಾರದು. ನಮ್ಮ ಕಥೆಗಳಲ್ಲಿ ಗಂಡಸಿನ ಸಂಕಟ ಅಂದರೆ ಬಾಟಲಿ, ಅದನ್ನು ಬಿಡಿ. ಇವನು ಸಂಡೂರಿನ ರಸ್ತೆ ತಪ್ಪಿಸಲು ಸುತ್ತಿ ಹೋಗಿ ಡೀಸೆಲ್ ಲೆಕ್ಕದಲ್ಲಿ ಬೈಸಿಕೊಳ್ಳಲಿ, ಮಂಚ ಇದ್ದರೂ ಕ್ಯಾಬಿನ್ನಿನಲ್ಲೇ ಮಲಗಲಿ. ಎರಡು ಗಾಯ ಒಂದಕ್ಕೊಂದು ಅಡ್ಡ ಬರಬೇಕು. ಅವಳು ಹೆದರಿದರೆ ಮಾತು ನಿಲ್ಲಿಸುತ್ತಾಳೆ. ಅವನಿಗೆ ಆ ಮೌನವೇ ಗಣಿಯಲ್ಲಿ ಮಣ್ಣು ಕುಸಿದ ಮೇಲಿನ ಮೌನ, ಅದಕ್ಕೆ ಅವನು ಕೂಗಿ ಕರೆಯುತ್ತಾನೆ. ಕೂಗಿದರೆ ಅವಳು ಇನ್ನೂ ಮುದುಡುತ್ತಾಳೆ. ಈ ಒಂದು ಗಂಟು ಬಿಡಿಸುವುದಕ್ಕೇ ನಾಲ್ಕೈದು ಅಧ್ಯಾಯ ಬೇಕು.

ಕತ್ತಲೆ ಎಷ್ಟಿರಬೇಕು? ಅಪಾಯದಲ್ಲಿ ಎಷ್ಟು ಬೇಕಾದರೂ ಇರಲಿ. ನಾಯಕನಲ್ಲಿ ಅಳತೆ ಹೀಗೆ: ಅವನು ಮಾಡಿದ ಕೆಲಸದಿಂದ ಅವಳಿಗೆ ದಾರಿ ಹೆಚ್ಚಿತೋ ಕಡಿಮೆಯಾಯಿತೋ? 'ನಿನ್ನ ಒಳ್ಳೇದಕ್ಕ' ಅಂತ ಅವಳ ಮೊಬೈಲ್ ಇಸಿದುಕೊಂಡರೆ ಅವನೂ ಹಳೆಯ ಗಂಡನ ಸಾಲಿಗೇ ಸೇರಿದ. ಬದಲಿಗೆ ಲಾರಿಯ ಇನ್ನೊಂದು ಬೀಗದಕೈ ಅವಳ ಕೈಗೆ ಕೊಡಲಿ. ಹತ್ತಿರವಾಗುವ ದೃಶ್ಯದಲ್ಲಿ ಅವನು ಹಿಂದಿನಿಂದ ಬಂದು ಮುಟ್ಟುವುದಿಲ್ಲ, ಬಾಗಿಲು ಅವಳ ಕಣ್ಣಳತೆಯಲ್ಲಿರುತ್ತದೆ, 'ಸಾಕು' ಅಂದರೆ ಅಲ್ಲಿಗೆ ನಿಲ್ಲುತ್ತದೆ. ನಿಂತ ಮೇಲೆ ಅವನು ಮುನಿಸಿಕೊಳ್ಳದೆ ಚಹಾ ಇಡಲು ಎದ್ದರೆ, ಆ ಚಹಾ ಮುತ್ತಿಗಿಂತ ಹೆಚ್ಚು ರೊಮ್ಯಾಂಟಿಕ್.

ಕಾನೂನಿನಲ್ಲಿ ಎಡವಬೇಡಿ, ಬಳ್ಳಾರಿಯ ವಕೀಲರೂ ಓದುತ್ತಾರೆ. ಕೌಟುಂಬಿಕ ಹಿಂಸೆ ತಡೆ ಕಾಯ್ದೆ 2005ರ ಪ್ರಕಾರ ಅವಳು ತಾತ್ಕಾಲಿಕವಾಗಿ ಇರುವ ಊರಲ್ಲೇ ಅರ್ಜಿ ಹಾಕಬಹುದು. ಅರ್ಜಿಗೆಂದು ಅವಳನ್ನು ಗಂಡನ ಊರಿಗೆ ಕಳಿಸುವ ಅಗತ್ಯವಿಲ್ಲ. ಕೋರ್ಟು ಕೊಟ್ಟ ರಕ್ಷಣಾ ಆದೇಶವನ್ನು ಗಂಡ ಮೀರಿದರೆ ಒಂದು ವರ್ಷದವರೆಗೆ ಸಜೆ. 2024ರ ಜುಲೈ 1ಕ್ಕೆ ಮುಂಚಿನ ಹೊಡೆತ ಹಳೆಯ ದಂಡ ಸಂಹಿತೆಯ (ಐಪಿಸಿ) 498ಎ ಅಡಿ, ಆಮೇಲಿನದು ಅದರ ಬದಲಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 85ರ ಅಡಿ. ಬೆನ್ನು ಹತ್ತುವುದು ಸೆಕ್ಷನ್ 78, ಮೊದಲ ಸಲದ್ದು ಜಾಮೀನು ಸಿಗುವ ಅಪರಾಧ. ಅಂದರೆ ಹಿಡಿದುಕೊಟ್ಟವನು ಮರಳಿ ಬರುತ್ತಾನೆ. ಸಸ್ಪೆನ್ಸಿಗೆ ಇದಕ್ಕಿಂತ ಏನು ಬೇಕು? ಇಬ್ಬರೂ ಹಿಂದೂಗಳಾದರೆ ವಿಚ್ಛೇದನದ ಮಾರನೇ ದಿನ ತಾಳಿ ಕಟ್ಟಿಸಬೇಡಿ. ಮೇಲ್ಮನವಿಗೆ 90 ದಿನ ಇದೆ, ಹಳೆಯ ಗಂಡ ಆ ಅವಧಿಯನ್ನು ಬಳಸಿಕೊಳ್ಳಬಲ್ಲ.

ಊರಿಗೆ ಬಂದರೆ, ಹೊಳೆಯನ್ನು ಬರೀ ಹಿನ್ನೆಲೆಯಾಗಿ ಬಿಡಬೇಡಿ. ತುಂಗಭದ್ರಾ ಡ್ಯಾಮಿನಿಂದ ಹೆಚ್ಚು ನೀರು ಬಿಟ್ಟಾಗ ಕಂಪ್ಲಿ–ಗಂಗಾವತಿ ಸೇತುವೆ ಮುಳುಗಿ ಓಡಾಟ ನಿಲ್ಲುತ್ತದೆ. ಬೆನ್ನು ಹತ್ತಿದವನು ಆ ದಡದಲ್ಲಿ ಸಿಕ್ಕಿಕೊಂಡ ಅಂತ ಅವಳು ನಿರಾಳವಾಗಿ ಮಲಗುವ ರಾತ್ರಿ, ಅವನು ಸೇತುವೆ ಮುಚ್ಚುವ ಮೊದಲೇ ದಾಟಿದ್ದರೆ? 2024ರ ಆಗಸ್ಟ್ 10ರ ರಾತ್ರಿ ಡ್ಯಾಮಿನ 33 ಗೇಟುಗಳಲ್ಲಿ 19ನೆಯದರ ಚೈನ್ ತುಂಡಾದದ್ದು ನಿಮಗೆ ನೆನಪಿರಬಹುದು. ಮೂರನೇ ಪ್ರಸಂಗವನ್ನು ಆ ವಾರಕ್ಕೆ ಇಟ್ಟರೆ ಹೊಸ ಕಾನೂನಿನ ದಿನಾಂಕವೂ ಸರಿಹೊಂದುತ್ತದೆ.

ಚಿಕಿತ್ಸೆಯ ವಿಷಯ ಚುಟುಕಾಗಿ: ಇವಳಿಗೆ ಕೊಡುವಂಥ ಖಿನ್ನತೆಯ ಮಾತ್ರೆ ಕೆಲಸ ಮಾಡಲು ಕೆಲವು ವಾರ ಹಿಡಿಯುತ್ತದೆ, ಒಂದೇ ರಾತ್ರಿಯಲ್ಲಿ ಅಲ್ಲ. ಡಾಕ್ಟರಿಗಾಗಿ ಅವಳನ್ನು ಬೆಂಗಳೂರಿಗೆ ಕಳಿಸಬೇಕಿಲ್ಲ. ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾದದ್ದೇ 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ನಿಮ್ಹಾನ್ಸ್ ನಡೆಸಿದ ಪ್ರಯೋಗ. ನಡುರಾತ್ರಿ ಅವಳು ಫೋನ್ ಮಾಡುವ ದೃಶ್ಯ ಬೇಕಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಇದೆ, 2022ರಿಂದ. ಕೊನೆಯ ಅಧ್ಯಾಯದಲ್ಲಿ ಅವಳನ್ನು ಪೂರ್ತಿ ಗುಣಮಾಡಬೇಡಿ. ಬೆಚ್ಚುವುದು ಇದ್ದೇ ಇರಲಿ, ಮೊದಲಿನಂತೆ ದಿನಗಟ್ಟಲೆ ಅಲ್ಲ, ಹತ್ತು ನಿಮಿಷಕ್ಕೆ ಇಳಿಯಲಿ.

ಪುಸ್ತಕವಾದರೆ ಮೊದಲ ಪುಟದಲ್ಲೇ, ಧಾರಾವಾಹಿಯಾದರೆ ಆಯಾ ಕಂತಿನ ತಲೆಯಲ್ಲಿ, ಯಾವ ಬಗೆಯ ಹಿಂಸೆ ಬರುತ್ತದೆ ಅಂತ ಒಂದು ಸಾಲು ಹಾಕಿ. ಯಾರು ಮಾಡಿದರು ಅನ್ನುವುದು ಮಾತ್ರ ಆ ಸಾಲಿನಲ್ಲಿ ಬಯಲಾಗದಂತೆ ನೋಡಿಕೊಳ್ಳಿ. ಗುಟ್ಟು ಅಲ್ಲೇ ಒಡೆದರೆ ಮೂರು ಪ್ರಸಂಗವೂ ದಂಡ.