ಓದುಗರ ಪ್ರಶ್ನೆ: ಸಂಜೆಯ ರೇಡಿಯೊ ಕೇಳುವವರಿಗೆ

ಪ್ರಶ್ನೆ: ಮೀಡಿಯಂ ವೇವ್‌ನಲ್ಲಿ ಸಂಜೆ ಬರುವ ವಿದ್ವಾಂಸರ ಉಪನ್ಯಾಸ ಮೊದಲು ಚೆನ್ನಾಗಿ ಕೇಳುತ್ತದೆ. ಕತ್ತಲಾದ ಮೇಲೆ ದನಿ ಏರಿಳಿಯುತ್ತದೆ, ನಡುವೆ ಬೇರೆ ಕೇಂದ್ರವೂ ನುಸುಳುತ್ತದೆ. ಸೆಟ್ಟು ಕೆಟ್ಟಿದೆಯೇ?

ಉತ್ತರ: ಬಹುಮಟ್ಟಿಗೆ ಇಲ್ಲ. ಹಗಲಿನಲ್ಲಿ ಸುಮಾರು 60ರಿಂದ 90 ಕಿ.ಮೀ. ಎತ್ತರದಲ್ಲಿ, ಬಿಸಿಲಿನಿಂದ ವಿದ್ಯುದಾವೇಶಗೊಂಡ ಗಾಳಿಯ ‘ಡಿ’ ಪದರ ಈ ಅಲೆಗಳನ್ನು ಹೀರಿಕೊಳ್ಳುತ್ತದೆ. ಸೂರ್ಯ ಮುಳುಗಿದ ಮೇಲೆ ಆ ಪದರ ಹೆಚ್ಚುಕಡಿಮೆ ಇಲ್ಲವಾಗುತ್ತದೆ. ಆಗ ಅಲೆಗಳು ಇನ್ನೂ ಮೇಲಿನ ಪದರಗಳಿಂದ ನೆಲಕ್ಕೆ ಮರಳುವುದರಿಂದ ನೂರಾರು ಕಿ.ಮೀ. ಆಚೆಯ ಕೇಂದ್ರಗಳೂ ಬಂದು ಸೇರುತ್ತವೆ. ನಿಮ್ಮ ಕೇಂದ್ರದ ಅಲೆಯೂ ನೆಲದ ಹಾದಿಯಲ್ಲೊಂದು, ಆಕಾಶದ ಹಾದಿಯಲ್ಲೊಂದು ಬರುತ್ತದೆ. ಎರಡೂ ಕೂಡಿದಾಗ ದನಿ ಏರುತ್ತದೆ, ಒಂದನ್ನೊಂದು ಕಡಿದಾಗ ಕುಸಿಯುತ್ತದೆ, ಒರಟೂ ಆಗುತ್ತದೆ.

ಹೊರಗಿನ ಕಡ್ಡಿ ಆಂಟೆನಾ ಎಳೆದು ಪ್ರಯೋಜನವಿಲ್ಲ. ಸಾಮಾನ್ಯ ಸೆಟ್ಟುಗಳಲ್ಲಿ ಅದು ಎಫ್‌ಎಂ ಮತ್ತು ಶಾರ್ಟ್ ವೇವ್‌ಗೆ. ಮೀಡಿಯಂ ವೇವ್ ಹಿಡಿಯುವುದು ಒಳಗೆ ಅಡ್ಡಲಾಗಿ ಕೂತಿರುವ, ತಂತಿ ಸುತ್ತಿದ ಫೆರೈಟ್ (ಕಾಂತೀಯ ವಸ್ತು) ಕಡ್ಡಿ. ಅದರ ತುದಿ ಯಾವ ದಿಕ್ಕಿಗೆ ನೆಟ್ಟಿದೆಯೋ ಆ ಕಡೆಯ ಕೇಂದ್ರ ಅತಿ ಕ್ಷೀಣವಾಗಿ ಕೇಳುತ್ತದೆ. ಆದ್ದರಿಂದ ನಿಮ್ಮ ಕೇಂದ್ರ ಜೋರಾಗುವ ಕೋನ ಹುಡುಕುವುದಕ್ಕಿಂತ, ತೊಂದರೆ ಕೊಡುವ ಕೇಂದ್ರ ಅಡಗುವ ಕೋನ ಹುಡುಕಿ. ಸೆಟ್ಟನ್ನು ನಿಧಾನವಾಗಿ ತಿರುಗಿಸಿದರೆ ಸಾಕು. ಎರಡೂ ಕೇಂದ್ರಗಳು ಒಂದೇ ದಿಕ್ಕಿನಲ್ಲಿ ಇಲ್ಲವೇ ನೇರ ವಿರುದ್ಧ ದಿಕ್ಕಿನಲ್ಲಿದ್ದರೆ ಮಾತ್ರ ಈ ಉಪಾಯ ನಡೆಯದು.

ಗೊರಗೊರ ಸದ್ದೂ ಇದ್ದರೆ ಸೆಟ್ಟನ್ನು ಬ್ಯಾಟರಿಯಲ್ಲಿ ಓಡಿಸಿ, ಮನೆಯ ಮೇನ್ ಸ್ವಿಚ್ ಆರಿಸಿ. ಸದ್ದು ನಿಂತರೆ ಕಳ್ಳ ಮನೆಯೊಳಗೇ ಇದ್ದಾನೆ. ಮೇನ್ ಹಾಕಿ, ಒಂದೊಂದೇ ಉಪಕರಣ ಚಾಲೂ ಮಾಡುತ್ತ ಹೋಗಿ. ಅಗ್ಗದ ಎಲ್‌ಇಡಿ ಬಲ್ಬು, ಮೊಬೈಲ್ ಚಾರ್ಜರುಗಳ ಮೇಲೆ ಮೊದಲ ಅನುಮಾನವಿರಲಿ.

ಪ್ರಶ್ನೆ: ಎಫ್‌ಎಂನಲ್ಲಿ ಮಾತು ಸ್ವಚ್ಛ. ಆದರೆ ಶಾಸ್ತ್ರೀಯ ಸಂಗೀತದ ಮೆಲುದನಿಯ ಭಾಗದಲ್ಲಿ ಹಿಂದೆ ‘ಸ್ಸ್’ ಎಂಬ ಸದ್ದು ಕೇಳುತ್ತದೆ. ಏಕೆ?

ಉತ್ತರ: ಆ ಸದ್ದು ಸದಾ ಇರುತ್ತದೆ, ಸಂಗೀತ ತಗ್ಗಿದಾಗ ಎದ್ದು ಕಾಣುತ್ತದೆ, ಅಷ್ಟೆ. ಸ್ಟೀರಿಯೊದಲ್ಲಿ ಎಡ–ಬಲಗಳ ವ್ಯತ್ಯಾಸವನ್ನು 38 ಕಿಲೊಹರ್ಟ್ಸ್ ಉಪವಾಹಕದ (ಮುಖ್ಯ ಅಲೆಯೊಳಗೆ ಸಾಗುವ ಇನ್ನೊಂದು ಅಲೆಯ) ಮೇಲೆ ಕಳಿಸುತ್ತಾರೆ. ಎಫ್‌ಎಂನಲ್ಲಿ ಆವರ್ತನ ಏರಿದಂತೆ ಗದ್ದಲವೂ ಏರುವುದರಿಂದ ದುರ್ಬಲ ಸಂಕೇತದಲ್ಲಿ ಈ ಭಾಗ ಮೊದಲು ಕೆಡುತ್ತದೆ. ಮೊನೊಗೆ (ಎಡ–ಬಲ ಭೇದವಿಲ್ಲದ ಒಂದೇ ದನಿಗೆ) ಬದಲಿಸಿ, ಗದ್ದಲ ಸುಮಾರು 20 ಡೆಸಿಬಲ್ ಇಳಿಯುತ್ತದೆ. ಒಂಟಿ ಪಿಟೀಲಿಗೆ ಸ್ಟೀರಿಯೊ ಬೇಕೇ ಬೇಕೆಂದು ಹಟ ಹಿಡಿಯುವುದರಲ್ಲಿ ಅರ್ಥವಿಲ್ಲ.

ಸ್ಟೀರಿಯೊ ಬೇಕೆಂದರೆ ಆಂಟೆನಾ ಸುಧಾರಿಸಿ. 100 ಮೆಗಾಹರ್ಟ್ಸ್ ಅಲೆಯ ಉದ್ದ 3 ಮೀಟರ್, ಅದರ ಕಾಲು ಭಾಗ 75 ಸೆಂ.ಮೀ. ಹಾಗಾಗಿ ತಲಾ ಸುಮಾರು 75 ಸೆಂ.ಮೀ.ನ ಎರಡು ತಂತಿಗಳನ್ನು ನೇರ ಸಾಲಿನಲ್ಲಿ ಎರಡು ಕಡೆಗೆ ಚಾಚಿ, ನಡುವಿನಿಂದ ಕೇಬಲ್ ತೆಗೆದರೆ ಡೈಪೋಲ್ ಸಿದ್ಧ. ತಂತಿಯ ತುದಿಯಲ್ಲ, ಅಗಲ ಕೇಂದ್ರದ ಕಡೆಗಿರಲಿ. ಅಡ್ಡವಾಗಿ ಸರಿಬಾರದಿದ್ದರೆ ನೆಟ್ಟಗೆ ನಿಲ್ಲಿಸಿ ನೋಡಿ. ಉಳಿದ ತಂತಿಯನ್ನು ಸುತ್ತಿಡಬೇಡಿ, ಕತ್ತರಿಸಿಬಿಡಿ.

ಪ್ರಶ್ನೆ: ಇಡೀ ಸಂಜೆಯನ್ನು ಉಪನ್ಯಾಸ, ಸಂಗೀತಗಳಿಗೇ ಮೀಸಲಿಟ್ಟ ವಾಹಿನಿ ಹಿಂದೆ ಇತ್ತೇ?

ಉತ್ತರ: ಬಿಬಿಸಿಯ ‘ಥರ್ಡ್ ಪ್ರೋಗ್ರಾಂ’ ಇತ್ತು, ನಾಟಕ, ಕಾವ್ಯಗಳಿಗೂ ಅದರಲ್ಲಿ ಜಾಗವಿತ್ತು. 1946ರ ಸೆಪ್ಟೆಂಬರ್ 29ರಂದು ಶುರುವಾಯಿತು, ಸಂಜೆ 6ರಿಂದ ನಡುರಾತ್ರಿವರೆಗೆ. 1957ರಲ್ಲಿ ಅವಧಿ ಕಡಿತಗೊಂಡಿತು, 1970ರಲ್ಲಿ ಆ ಹೆಸರೂ ಹೋಯಿತು. ಅದರ ವಾರಸುದಾರ ಇಂದಿನ ರೇಡಿಯೊ 3.

ಪ್ರಶ್ನೆ: ಉಪನ್ಯಾಸವನ್ನೂ ಕಚೇರಿಯನ್ನೂ ಒಂದೇ ಸಲ ರೆಕಾರ್ಡ್ ಮಾಡುವಾಗ ಮಟ್ಟ ಎಷ್ಟಿರಬೇಕು?

ಉತ್ತರ: ಮಾತಿಗೆ ಹೊಂದಿಸಿ ಬಿಟ್ಟರೆ ಸಂಗೀತದ ತಾರಕದಲ್ಲಿ ದನಿ ಒಡೆಯಬಹುದು, ಒಡೆದದ್ದನ್ನು ಪೂರ್ತಿ ಸರಿಮಾಡಲಾಗದು. ಅತಿ ಜೋರಿನ ಭಾಗ ರೆಕಾರ್ಡರಿನ ಮಟ್ಟಸೂಚಿಯಲ್ಲಿ (ಅದರಲ್ಲಿ ಸೊನ್ನೆಯೇ ಗರಿಷ್ಠ ಮಿತಿ) ಮೈನಸ್ 12 ಡೆಸಿಬಲ್ ಆಸುಪಾಸಿನಲ್ಲಿರಲಿ. ಸ್ವಯಂಚಾಲಿತ ಮಟ್ಟವನ್ನು ಆಫ್ ಮಾಡಿ, ಇಲ್ಲವಾದರೆ ಅದು ಮೆಲುದನಿಯನ್ನು ಎತ್ತಿ, ಜೋರನ್ನು ಒತ್ತಿ ಎಲ್ಲವನ್ನೂ ಸಪಾಟು ಮಾಡುತ್ತದೆ. ಸಿಡಿ ಗುಣಮಟ್ಟದ ಡಬ್ಲ್ಯುಎವಿ (ದನಿಯನ್ನು ಕುಗ್ಗಿಸದೆ ಇಡುವ) ಕಡತಕ್ಕೆ ಗಂಟೆಗೆ ಸುಮಾರು 635 ಎಂಬಿ ಜಾಗ ಬೇಕು. ಉಪನ್ಯಾಸ ಮಾತ್ರ ಉಳಿಸುವುದಾದರೆ 64 ಕೆಬಿಪಿಎಸ್ ಮೊನೊ ಎಂಪಿ3 ಸಾಕು, ಗಂಟೆಗೆ 29 ಎಂಬಿ. ನೇರ ಪ್ರಸಾರದ ಕಚೇರಿ ಗಡಿಯಾರ ನೋಡಿ ಮುಗಿಯುವುದಿಲ್ಲ, ಟೈಮರ್ ನಿಲ್ಲುವ ಸಮಯವನ್ನು ಹದಿನೈದು ನಿಮಿಷ ಮುಂದಕ್ಕೇ ಇಡಿ.