ಬಂಡೆಯ ಚಿತ್ರಕ್ಕೂ ಅಪ್ಪಣೆ ಬೇಕೆ?

ಮಾನ್ಯರೇ,

ನಿಮ್ಮ ಪತ್ರವೂ ಮೂರು ಛಾಯಾಚಿತ್ರಗಳೂ ತಲುಪಿದವು. ಮೆಲ್ಬರ್ನ್‌ನಲ್ಲಿರುವ ಮಗಳ ಮನೆಗೆ ಹೋಗಿದ್ದಾಗ ಮಧ್ಯ ಆಸ್ಟ್ರೇಲಿಯಾದ ಉಲುರು ಬಂಡೆಯನ್ನೂ ನೋಡಿ ಬಂದ ನೀವು, ಛಾಯಾಗ್ರಹಣ ಬೇಡವೆಂಬ ಫಲಕವಿದ್ದ ಕಡೆಯೂ ಒಂದು ಚಿತ್ರ ತೆಗೆದಿದ್ದೀರಿ. ಆಲಿಸ್ ಸ್ಪ್ರಿಂಗ್ಸ್‌ನಲ್ಲಿ ಹುಲ್ಲಿನ ಮೇಲೆ ಕ್ಯಾನ್ವಾಸ್ ಹರಡಿಕೊಂಡು ಕುಳಿತಿದ್ದ ಆದಿವಾಸಿ ಮಹಿಳೆಯ ಕಡೆ ಮೊಬೈಲ್ ಎತ್ತಿದಾಗ ಅವರು ಕ್ಯಾನ್ವಾಸನ್ನು ಮಗುಚಿ ಹಾಕಿದ್ದು ನಿಮಗೆ ಬೇಸರ ತಂದಿದೆ. ಟಿಕೆಟ್ ಕೊಂಡು ಹೋದವನಿಗೆ, ಎಲ್ಲರ ಕಣ್ಣಿಗೂ ಬೀಳುವ ಬಂಡೆಯ ಚಿತ್ರ ತೆಗೆಯಲು ಯಾರ ಅಪ್ಪಣೆ ಬೇಕು ಎಂದು ಕೇಳಿದ್ದೀರಿ.

ಒಡೆಯರ ಅಪ್ಪಣೆ ಬೇಕು. ಆ ನೆಲ 1985ರ ಅಕ್ಟೋಬರ್ 26ರಂದು ಅಲ್ಲಿನ ಆದಿವಾಸಿಗಳಾದ ಅನಾಂಗು ಜನರ ಒಡೆತನಕ್ಕೆ ಮರಳಿತು. ರಾಷ್ಟ್ರೀಯ ಉದ್ಯಾನಕ್ಕಾಗಿ ಅದನ್ನು ಸರ್ಕಾರಕ್ಕೆ 99 ವರ್ಷಗಳ ಗುತ್ತಿಗೆಗೆ ಕೊಟ್ಟವರು ಅವರೇ. ಆದರೆ ಇಷ್ಟು ಹೇಳಿದರೆ ಕಾನೂನು ಹೇಳಿದಂತಾಯಿತೇ ಹೊರತು ಕಾರಣ ಹೇಳಿದಂತಾಗಲಿಲ್ಲ. ಬಂಡೆಯ ಕೆಲವು ಭಾಗಗಳ ಬಿರುಕು, ಉಬ್ಬು, ಕಲೆಗಳು ಅನಾಂಗು ಜನರಿಗೆ ಧರ್ಮಗ್ರಂಥವಿದ್ದಂತೆ. ಅದನ್ನು ಓದಬೇಕಾದವರು ಇದ್ದಲ್ಲಿಗೇ ಹೋಗಿ ಓದಬೇಕು. ಅವುಗಳಲ್ಲೂ ಕೆಲವು ಗಂಡಸರಿಗೆ, ಕೆಲವು ಹೆಂಗಸರಿಗೆ ಮಾತ್ರ ಸೇರಿದವು. ಸ್ಥಳದಲ್ಲಿರುವವರೆಗೆ ಈ ಕಟ್ಟಳೆಯನ್ನು ಕಾಯ್ದುಕೊಳ್ಳಬಹುದು, ಚಿತ್ರವಾಗಿ ಹೊರಟ ಮೇಲೆ ಅದು ಯಾರ ಮೊಬೈಲಿನಲ್ಲಿ ಯಾರ ಕಣ್ಣಿಗೆ ಬೀಳುತ್ತದೆಂದು ಕಾಯುವುದು ಹೇಗೆ? ಗರ್ಭಗುಡಿಯ ಮುಂದೆ ಯಾರೂ ಹೇಳದೆಯೇ ಮೊಬೈಲನ್ನು ಜೇಬಿಗಿಳಿಸುವ ನಮಗೆ ಇದು ತೀರ ಹೊಸತೇನಲ್ಲ. ಅಲ್ಲಿ ಹೊಸ್ತಿಲು ಕಾಣುತ್ತದೆ, ಇಲ್ಲಿ ಕಾಣುವುದಿಲ್ಲ, ಅಷ್ಟೆ.

ಇನ್ನು ಕ್ಯಾನ್ವಾಸ್ ಮಗುಚಿದ ಮಹಿಳೆ. ಅವರ ಮನಸ್ಸಿನಲ್ಲಿ ಏನಿತ್ತೋ ನಾನು ಹೇಳಲಾರೆ. ಆದರೆ ಅಲ್ಲಿನ ಚಿತ್ರಕಾರರಿಗೆ ಎಚ್ಚರ ಕಲಿಸಿದ ಇತಿಹಾಸವೊಂದಿದೆ. 1966ರಲ್ಲಿ ಆಸ್ಟ್ರೇಲಿಯಾ ಹೊಸ ಒಂದು ಡಾಲರ್ ನೋಟನ್ನು ಹೊರತಂದಾಗ ಅದರ ಮೇಲೆ ಉತ್ತರ ಆಸ್ಟ್ರೇಲಿಯಾದ ಅರ್ನ್‌ಹೆಮ್ ಲ್ಯಾಂಡ್‌ನ ಆದಿವಾಸಿ ಕಲಾವಿದ ಡೇವಿಡ್ ಮಲಂಗಿ ಮರದ ತೊಗಟೆಯ ಮೇಲೆ ಬರೆದ ಚಿತ್ರವಿತ್ತು. ಯಾರೋ ಅನಾಮಧೇಯನ ಕೃತಿಯೆಂದುಕೊಂಡ ಅಧಿಕಾರಿಗಳು ಅವರನ್ನು ಕೇಳಿಯೇ ಇರಲಿಲ್ಲ. ವಿಷಯ ಹೊರಬಿದ್ದ ಮೇಲೆ ಸಾವಿರ ಡಾಲರ್, ಒಂದು ಪದಕ ಮತ್ತು ಮೀನು ಹಿಡಿಯುವ ಸಾಮಗ್ರಿ ಕೊಟ್ಟರಂತೆ ನೋಡಿ! ಮುಂದೆ ಆದಿವಾಸಿ ಕಲಾವಿದರ ಚಿತ್ರಗಳನ್ನು ನಕಲು ಮಾಡಿ ವಿಯೆಟ್ನಾಮಿನಲ್ಲಿ ನೇಯಿಸಿದ ಜಮಖಾನೆಗಳು ಆಸ್ಟ್ರೇಲಿಯಾದ ಮಾರುಕಟ್ಟೆಗೆ ಬಂದವು. ಪವಿತ್ರ ಕಥೆಗಳ ಮೇಲೆ ಜನ ಕಾಲಿಟ್ಟು ನಡೆಯುವಂತಾಯಿತೆಂಬ ನೋವನ್ನೂ ಪರಿಗಣಿಸಿ ನ್ಯಾಯಾಲಯ 1994ರಲ್ಲಿ ಪರಿಹಾರ ಕೊಡಿಸಿತು. ನೀವು ಜಮಖಾನೆ ನೇಯಿಸುವವರಲ್ಲವೆಂಬುದು ಆ ಮಹಿಳೆಗೆ ಗೊತ್ತಾಗುವುದಾದರೂ ಹೇಗೆ? ಪಕ್ಕದಲ್ಲಿ ಕುಳಿತು, ಕಥೆ ಕೇಳಿ, ಆಮೇಲೆ ಮೊಬೈಲ್ ತೋರಿಸಿ ಕಣ್ಣಿನಲ್ಲೇ ಕೇಳಿದ್ದರೆ ಒಪ್ಪುತ್ತಿದ್ದರೇನೋ. ಒಪ್ಪದಿದ್ದರೂ ಮಾತಾಡಿದ್ದು ಉಳಿಯುತ್ತಿತ್ತು.

ಉಪದೇಶ ಮಾಡುವಷ್ಟು ನಾವೂ ಶುದ್ಧರಲ್ಲ. ಅಂಕೋಲಾದ ಸಂತೆಯಲ್ಲಿ ತೆಗೆದ, ಕೊರಳ ತುಂಬ ಮಣಿಸರ ಧರಿಸಿದ ಅಜ್ಜಿಯೊಬ್ಬರ ಚಿತ್ರವನ್ನು ಹಿಂದೊಮ್ಮೆ ಮುಖಪುಟಕ್ಕೆ ಹಾಕಿ, ಕೆಳಗೆ ‘ಹಾಲಕ್ಕಿ ಮಹಿಳೆ’ ಎಂದಷ್ಟೇ ಬರೆದಿದ್ದೆವು. ತಿಂಗಳ ನಂತರ ಅವರ ಮೊಮ್ಮಗ ಸಂಚಿಕೆಯನ್ನು ಹಿಡಿದು ಕಚೇರಿಗೆ ಬಂದರು. ಜಗಳವಾಡಲಿಲ್ಲ. ‘ನಮ್ಮಜ್ಜಿಗೆ ಹೆಸರಿದೆ ಸಾರ್’ ಎಂದರು. ಚಿತ್ರ ತೆಗೆದವರ ಹೆಸರನ್ನು ನಾವು ಒಳಪುಟದಲ್ಲಿ ದಪ್ಪಕ್ಷರದಲ್ಲೇ ಅಚ್ಚು ಹಾಕಿದ್ದೆವು.

ನಿಮ್ಮ ಚಿತ್ರಗಳ ವಿಷಯ. ಫಲಕದ ಬಳಿ ತೆಗೆದದ್ದನ್ನೂ ಕ್ಯಾನ್ವಾಸಿನ ಕಡೆ ಬಾಗಿದ ಆ ಮಹಿಳೆಯದನ್ನೂ ಪ್ರಕಟಿಸುವುದಿಲ್ಲ; ನೀವೂ ಅಳಿಸಿಬಿಡುವುದು ಒಳ್ಳೆಯದು. ಸಂಜೆಗೆಂಪಿನ ಬಂಡೆ ಬಹಳ ಚೆನ್ನಾಗಿ ಬಂದಿದೆ. ಆದರೆ ಮನೆಯ ಆಲ್ಬಮ್ಮಿಗೆ ತೆಗೆದ ಚಿತ್ರ ಮಾರಾಟದ ಪತ್ರಿಕೆಗೆ ಬಂದರೆ ಉದ್ಯಾನದ ನಿಯಮ ಬೇರೆಯಾಗುವುದರಿಂದ, ಅನುಮತಿ ಕೋರಿ ಅಲ್ಲಿನ ಕಚೇರಿಗೆ ಬರೆದಿದ್ದೇವೆ. ಉತ್ತರ ಬರುವವರೆಗೆ ನಿಮ್ಮ ಪ್ರವಾಸ ಲೇಖನ ಚಿತ್ರವಿಲ್ಲದೆ ಕಾದಿರುತ್ತದೆ.

— ಸಂಪಾದಕ