‘ಗೊಂದಲ’ ಯಾರ ಮಾತು?

ಪ್ರಶ್ನೆ: ನಾನು ಶಾಲಾ ಆಪ್ತಸಮಾಲೋಚಕಿ. ಒಂಬತ್ತನೇ ತರಗತಿಯ ಹುಡುಗನೊಬ್ಬ ಬಂದು, ‘ಎಲ್ಲರೂ ಹುಡುಗೀರ ಬಗ್ಗೆ ಮಾತಾಡ್ತಾರೆ ಮೇಡಂ, ನಂಗೆ ಇಷ್ಟ ಆಗೋದು ಒಬ್ಬ ಹುಡುಗ’ ಎಂದ. ‘ಹದಿಹರೆಯದ ಗೊಂದಲ’ ಎಂದು ಫೈಲಿನಲ್ಲಿ ಬರೆದುಕೊಂಡು, ಓದಿನ ಕಡೆ ಗಮನ ಕೊಡು ಎಂದೆ. ಆಮೇಲೆ ಅವನು ಬರಲೇ ಇಲ್ಲ. ಎಲ್ಲಿ ತಪ್ಪಿತು?

ಉತ್ತರ: ಆ ಒಂದು ಪದದಲ್ಲೇ ತಪ್ಪಿತು. ‘ಗೊಂದಲ’ ಅವನು ಆಡಿದ ಮಾತಲ್ಲ. ಒಬ್ಬಳು ಹುಡುಗಿ ಇಷ್ಟ ಎಂದು ಹೇಳಿದ್ದರೆ ಅದೇ ಪದ ಬರೆಯುತ್ತಿದ್ದಿರಾ? ಈ ವಯಸ್ಸಿನ ಆಕರ್ಷಣೆ ಉಳಿಯಲೂಬಹುದು, ಬದಲಾಗಲೂಬಹುದು. ಆ ಮಾತು ಎಲ್ಲ ಮಕ್ಕಳಿಗೂ ಅನ್ವಯಿಸುತ್ತದೆ.

ನಾಳೆ ನಿಮ್ಮ ಜಾಗಕ್ಕೆ ಬಂದವರು ಫೈಲು ತೆರೆದರೆ ಅವರಿಗೆ ಸಿಗುವುದು ಗೊಂದಲಗೊಂಡ ಹುಡುಗ. ಇಂಥ ಹತ್ತು ಫೈಲು ಸೇರಿದರೆ ಅದೇ ‘ಅನುಭವದ ಮಾತು’ ಆಗಿ ತರಬೇತಿಗೂ ಬರುತ್ತದೆ. ಅಮೆರಿಕದ ಮನೋವೈದ್ಯರು ಎಡವಿದ್ದೂ ಹೀಗೆಯೇ. ಚಿಕಿತ್ಸೆಗೆ ಬಂದವರನ್ನಷ್ಟೇ ನೋಡಿ ಸಲಿಂಗಾಕರ್ಷಣೆಯೇ ರೋಗ ಎಂದುಕೊಂಡಿದ್ದರು. ಅಲ್ಲಿನ ಮನೋವಿಜ್ಞಾನಿ ಎವೆಲಿನ್ ಹೂಕರ್ ಕ್ಲಿನಿಕ್ಕಿನ ಹೊರಗಿನ 30 ಸಲಿಂಗಾಕರ್ಷಿತ ಪುರುಷರ, 30 ಇತರ ಪುರುಷರ ಮಸಿಕಲೆ ಪರೀಕ್ಷೆಯ (ಮಸಿಯ ಕಲೆಯಲ್ಲಿ ಏನು ಕಾಣುತ್ತದೆ ಎಂದು ಕೇಳುವ ಮನೋಪರೀಕ್ಷೆ) ಉತ್ತರಗಳನ್ನು ಹೆಸರಿಲ್ಲದೆ ತಜ್ಞರ ಮುಂದಿಟ್ಟರು. ಯಾರು ಯಾವ ಗುಂಪಿನವರೆಂದು ಅವರಿಗೆ ಗುರುತಿಸಲಾಗಲಿಲ್ಲ. ಇದು ಪ್ರಕಟವಾದದ್ದು 1957ರಲ್ಲಿ. ರೋಗಗಳ ಪಟ್ಟಿಯಿಂದ ಅಮೆರಿಕದ ಮನೋವೈದ್ಯರ ಸಂಘ ಸಲಿಂಗಾಕರ್ಷಣೆಯನ್ನು ಕೈಬಿಟ್ಟದ್ದು 1973ರಲ್ಲಿ. ಹದಿನಾರು ವರ್ಷ! ಆ ನಡುವೆ ಎಷ್ಟು ಮಕ್ಕಳಿಗೆ ‘ಚಿಕಿತ್ಸೆ’ ಆಯಿತೋ.

ಇನ್ನು ಮುಂದೆ ಪುಟದ ನಡುವೆ ಗೆರೆ ಎಳೆಯಿರಿ. ಎಡಕ್ಕೆ ಮಗು ಆಡಿದ ಮಾತು, ಅದೇ ಪದಗಳಲ್ಲಿ. ಬಲಕ್ಕೆ ನಿಮ್ಮ ಊಹೆ. ಎಡದಲ್ಲಿ ಆಧಾರವಿಲ್ಲದ ಊಹೆಯನ್ನು ಹೊಡೆದುಹಾಕಿ. ಅವನು ತನಗೆ ಯಾವ ಹೆಸರನ್ನೂ ಇಟ್ಟುಕೊಂಡಿಲ್ಲದಿದ್ದರೆ ನೀವೂ ಇಡಬೇಡಿ. ಆ ಇನ್ನೊಬ್ಬ ಹುಡುಗನ ಹೆಸರು ಫೈಲಿಗೆ ಬೇಡವೇ ಬೇಡ. ಕೇಳಬೇಕಾದ್ದು: ಯಾರಾದರೂ ರೇಗಿಸುತ್ತಾರಾ, ನಿದ್ದೆ ಬರುತ್ತಾ, ಇದು ಯಾರಿಗೆ ಗೊತ್ತು, ಯಾರಿಗೆ ಗೊತ್ತಾಗಬಾರದು? ಜೀವಕ್ಕೆ ಅಪಾಯದ ಸುಳಿವಿಲ್ಲದಿದ್ದರೆ ಅವನನ್ನು ಕೇಳದೆ ಮನೆಯವರಿಗೆ ಹೇಳಬೇಡಿ. ಈಗ ಅವನನ್ನು ಕರೆದು, ‘ಅವತ್ತು ನಿನ್ನ ಮಾತು ನಾನು ಪೂರ್ತಿ ಕೇಳಲಿಲ್ಲ’ ಎಂದಷ್ಟೇ ಹೇಳಿ, ಸುಮ್ಮನಿರಿ.

ಪ್ರಶ್ನೆ: ಮಗನಿಗೆ ಹುಡುಗರು ಇಷ್ಟವೆಂದು ಗೊತ್ತಾಯಿತು. ಚಿಕ್ಕಂದಿನಲ್ಲಿ ಯಾರೋ ದೌರ್ಜನ್ಯ ಎಸಗಿರಬೇಕು, ಸರಿಪಡಿಸಬಹುದು ಎಂದರು ಸಮಾಲೋಚಕರು. ನಿಜವೇ?

ಉತ್ತರ: ಇಲ್ಲ. ಅವನ ಆಕರ್ಷಣೆಯನ್ನು ನೋಡಿ ದೌರ್ಜನ್ಯವನ್ನು ಊಹಿಸಲಾಗದು. ಇದೇ ಊಹೆಯಿಂದ ಇನ್ನೊಂದು ಅನಾಹುತವೂ ಆಗುತ್ತದೆ: ಉಳಿದ ಹುಡುಗರನ್ನು ದೌರ್ಜನ್ಯದ ಬಗ್ಗೆ ಯಾರೂ ಕೇಳುವುದೇ ಇಲ್ಲ. 2007ರ ಕೇಂದ್ರ ಸರ್ಕಾರದ ಅಧ್ಯಯನದಲ್ಲಿ ಲೈಂಗಿಕ ದೌರ್ಜನ್ಯ ಹೇಳಿಕೊಂಡ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಗಂಡುಮಕ್ಕಳೇ ಇದ್ದರು. ಪೋಕ್ಸೊ ಕಾಯ್ದೆ ಗಂಡುಮಕ್ಕಳಿಗೂ ಅನ್ವಯಿಸುತ್ತದೆ. ದೌರ್ಜನ್ಯ ನಡೆದದ್ದು ಗೊತ್ತಾದರೆ ಪೊಲೀಸರಿಗೆ ತಿಳಿಸಲೇಬೇಕು, ಮಕ್ಕಳ ಸಹಾಯವಾಣಿ 1098 ಇದೆ. ‘ಸರಿಪಡಿಸುವ’ ಚಿಕಿತ್ಸೆಯನ್ನು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲೇ ವೈದ್ಯರ ವೃತ್ತಿ ದುರ್ನಡತೆ ಎಂದಿದೆ. ಸಮಾಲೋಚಕರನ್ನು ಬದಲಿಸಿ. ಹೊಸಬರ ಬಳಿ ಮೊದಲು ನೀವೊಬ್ಬರೇ ಹೋಗಿ, ‘ಇದನ್ನು ಬದಲಿಸಬೇಕೆನ್ನುತ್ತೀರಾ?’ ಎಂದು ಕೇಳಿ. ಹೌದು ಎಂದರೆ ಮಗನನ್ನು ಅಲ್ಲಿಗೆ ಕರೆದೊಯ್ಯಬೇಡಿ.